ಹೊಳೆಗೊಂದು ಮೀನು, ಮೀನಿಗೊಂದು ಹೆಸರು

‘ಪಶ್ಚಿಮಘಟ್ಟದಲ್ಲಿ ಹೊಸ ಮೀನು ಪತ್ತೆ’ ಎಂಬ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಬರುತ್ತಿರುತ್ತದೆ. ಬೆರಳುದ್ದದ ಮೀನಿನ ಒಂದು ಚಿತ್ರ, ನಾಲಿಗೆಗೆ ಒಗ್ಗದ ಒಂದು ಲ್ಯಾಟಿನ್ ಹೆಸರು, ನಾಲ್ಕು ಸಾಲಿನ ವಿವರ, ಅಷ್ಟೆ. ಯಾರೂ ಕಾಲಿಡದ ಕಗ್ಗಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಜೀವಿಯೊಂದು ಕೊನೆಗೂ ವಿಜ್ಞಾನಿಯ ಬಲೆಗೆ ಬಿತ್ತು ಎಂಬ ಕಲ್ಪನೆ ಓದಿದವರ ಮನಸ್ಸಿನಲ್ಲಿ ಉಳಿಯುತ್ತದೆ. ನಿಜಸ್ಥಿತಿ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಇಂಥ ಎಷ್ಟೋ ಮೀನುಗಳು ಸಿಕ್ಕಿದ್ದು ಊರ ಪಕ್ಕದ ಹಳ್ಳದಲ್ಲಿ, ಗದ್ದೆಯ ನೀರಿನಲ್ಲಿ, ಹಿತ್ತಲ ಬಾವಿಯಲ್ಲಿ. ಕೆಲವನ್ನು ಜನ ತಲೆತಲಾಂತರದಿಂದ ಹಿಡಿದಿದ್ದಾರೆ, ತಿಂದಿದ್ದಾರೆ, ದೇವರ ಮೀನೆಂದು ಕೈಮುಗಿದಿದ್ದಾರೆ. ಮೀನು ಹೊಸದಲ್ಲ, ಅದು ಪಕ್ಕದ ಹೊಳೆಯ ಮೀನಿಗಿಂತ ಬೇರೆ ಎಂದು ಆಧಾರಸಹಿತ ತೋರಿಸಿ ಅದಕ್ಕೊಂದು ಹೆಸರು ಕೊಟ್ಟದ್ದು ಹೊಸದು. ಹೀಗೆ ಹೆಸರಿಡುವುದು ಮೇಲುನೋಟಕ್ಕೆ ಕಡತ ಬರೆಯುವ ಕೆಲಸದಂತೆ ಕಾಣುತ್ತದೆ. ಆದರೆ ಒಂದು ನದಿಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಎಷ್ಟೋ ಸಲ ಈ ಕೆಲಸದ ಮೇಲೇ ನಿಂತಿರುತ್ತದೆ. ಹಾಗೆನ್ನಲು ಅತಿ ದೊಡ್ಡ ಸಾಕ್ಷಿ ದೂರದಲ್ಲೇನೂ ಇಲ್ಲ, ಕಾವೇರಿಯಲ್ಲಿದೆ.

ಕಾವೇರಿಯ ಗೂನುಬೆನ್ನಿನ ಮಹಶೀರ್ ಕಣ್ತಪ್ಪಿಸಿಕೊಳ್ಳುವಂಥ ಮೀನಲ್ಲ. ತಲೆಯ ಹಿಂದಿನಿಂದಲೇ ಎದ್ದು ನಿಲ್ಲುವ ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ, ದೊಡ್ಡ ದೊಡ್ಡ ಹುರುಪೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಎಚ್. ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಬರೆದ ಕಾಲದಿಂದಲೂ ಗಾಳದ ಹವ್ಯಾಸಿಗಳಿಗೆ ಈ ಮೀನು ಗೊತ್ತು. ಅದಕ್ಕಾಗಿಯೇ ದೇಶವಿದೇಶಗಳಿಂದ ಕಾವೇರಿ ದಂಡೆಗೆ ಬಂದವರಿದ್ದಾರೆ. ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ಹೆಸರೇ ಇರಲಿಲ್ಲ. ಒಬ್ಬರು ಇದನ್ನು ‘ಟೋರ್ ಖುದ್ರಿ’ ಎಂದರು, ಇನ್ನೊಬ್ಬರು ‘ಟೋರ್ ಮುಸುಲ್ಲಾ’ ಎಂದರು, ಹಿಮಾಲಯದ ಮಹಶೀರಿನ ಹೆಸರನ್ನು ಇದಕ್ಕೆ ಅಂಟಿಸಿದವರೂ ಇದ್ದರು. ಈ ನಡುವೆ 2011ರ ಹೊತ್ತಿಗೆ ಕೇರಳದ ಚಿನ್ನಾರ್ ವನ್ಯಧಾಮದೊಳಗಿನ ಪಾಂಬಾರ್ ನದಿಯಲ್ಲಿ ಸಿಕ್ಕ ಎಳೆಯ ಮೀನುಗಳನ್ನು ಅಳೆದು ನೋಡಿ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನುತಜ್ಞೆ ರೆಮಾದೇವಿಯವರ ಗೌರವಾರ್ಥ ‘ಟೋರ್ ರೆಮಾದೇವಿ’ ಎಂಬ ಹೊಸ ಪ್ರಭೇದವನ್ನು ವಿವರಿಸಲಾಯಿತು. ಪಾಂಬಾರಿನ ನೀರು ಅಮರಾವತಿಯ ಮೂಲಕ ಕಾವೇರಿಗೇ ಬರುತ್ತದೆ. ಆ ಮರಿಗಳೇ ಕಾವೇರಿಯ ದೈತ್ಯನ ಸಂತಾನ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ನೀಲೇಶ್ ದಹಾನುಕರ್ ಮತ್ತು ಸಂಗಡಿಗರು ಕಾವೇರಿ ಕೊಳ್ಳದ ಮೋಯಾರ್ ನದಿಯ ಗೂನುಬೆನ್ನಿನ ಮೀನುಗಳ ಮೈಕಟ್ಟನ್ನೂ ಡಿಎನ್‌ಎಯನ್ನೂ ಹೋಲಿಸಿ, ಎರಡೂ ಒಂದೇ ಎಂದು ತೋರಿಸಿದ್ದು 2018ರಲ್ಲಿ. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ‘ಅಳಿವಿನ ತೀವ್ರ ಅಪಾಯದಲ್ಲಿರುವ’ ಮೀನಾಗಿ ದಾಖಲಾಯಿತು. ಹೆಸರು ಸಿಕ್ಕಿದ್ದೂ ಅಪಾಯ ಸಾಬೀತಾದದ್ದೂ ಒಟ್ಟೊಟ್ಟಿಗೆ.

ಹೆಸರಿಲ್ಲದ ಆ ಒಂದೂವರೆ ಶತಮಾನದಲ್ಲಿ ಕಳೆದುಕೊಂಡದ್ದೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1970ರ ದಶಕದಿಂದ ಮಹಾರಾಷ್ಟ್ರದ ಮರಿ ಉತ್ಪಾದನಾ ಕೇಂದ್ರವೊಂದರಲ್ಲಿ ನೀಲಿ ರೆಕ್ಕೆಯ ಮಹಶೀರಿನ ಮರಿ ಮಾಡಿಸಿ, ಮಹಶೀರ್ ಕಡಿಮೆಯಾಗಿದೆ ಎಂದು ಕಂಡ ನದಿಗಳಿಗೆ ಬಿಡುವ ಕೆಲಸ ನಡೆಯಿತು. ಕಾವೇರಿಗೂ ಬಿಟ್ಟರು. ಬಿಟ್ಟವರ ಮನಸ್ಸಿನಲ್ಲಿ ಕೇಡಿರಲಿಲ್ಲ, ನದಿಯ ಮೇಲೆ ಅಕ್ಕರೆಯೇ ಇತ್ತು. ಅದೂ ಮಹಶೀರ್, ಇದೂ ಮಹಶೀರ್. ಎರಡೂ ಬೇರೆ ಎಂದು ಹೇಳುವ ಪುಸ್ತಕ ಇಲ್ಲದಿರುವಾಗ ಅನುಮಾನ ಬರುವುದಾದರೂ ಹೇಗೆ? ಕಾವೇರಿ ದಂಡೆಯ ಗಾಲಿಬೋರೆಯ ಗಾಳದ ಶಿಬಿರದಲ್ಲಿ, ಮೀನು ಹಿಡಿದು ತೂಗಿ ಮತ್ತೆ ನೀರಿಗೆ ಬಿಡುವಾಗ ಬರೆದಿಟ್ಟ ಲೆಕ್ಕದ ಪುಸ್ತಕಗಳು 1998ರಿಂದ 2012ರವರೆಗೆ ಸಿಗುತ್ತವೆ. 6,000ಕ್ಕೂ ಹೆಚ್ಚು ಮೀನುಗಳ ಆ ಲೆಕ್ಕವನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ ಎರಡು ಗೆರೆಗಳು ಎದುರುಬದುರು ದಿಕ್ಕಿಗೆ ಹೋಗಿದ್ದವು. ನೀಲಿ ರೆಕ್ಕೆಯ ಮೀನು ಏರುತ್ತಾ ಹೋಗಿತ್ತು, ಗೂನುಬೆನ್ನಿನದು ಇಳಿಯುತ್ತಾ ಹೋಗಿತ್ತು. ಇಳಿಯುತ್ತಾ ಹೋದಂತೆ, ಗಾಳಕ್ಕೆ ಬಿದ್ದ ಗೂನುಬೆನ್ನಿನ ಮೀನಿನ ಸರಾಸರಿ ತೂಕ ಮಾತ್ರ ಹೆಚ್ಚಿತ್ತು. ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗುವ ಸಂಗತಿ ಇದಲ್ಲ. ಮರಿಗಳು ಬರುತ್ತಿಲ್ಲ, ಉಳಿದಿರುವುದೆಲ್ಲ ವಯಸ್ಸಾದವು ಎಂದು ಅದರ ಅರ್ಥ. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಊರಿನಲ್ಲಿ ಸರಾಸರಿ ವಯಸ್ಸು ಏರುವ ಹಾಗೆ.

ಇಳಿಕೆಗೆ ಕಾರಣ ಹೊರಗಿನ ಮೀನೊಂದೇ ಎನ್ನುವುದು ಅವಸರದ ಮಾತಾದೀತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವೆಲ್ಲದರ ಪಾಲೂ ಇದೆ. ಆದರೆ ಇಲ್ಲೊಂದು ಗಟ್ಟಿಯಾದ ಆಕ್ಷೇಪಣೆಗೆ ಉತ್ತರ ಸಿಗುತ್ತದೆ. ‘ಹೊಳೆಯನ್ನು ಕಾಪಾಡಿ ಸಾಕು, ಅದರೊಳಗಿನ ಮೀನೆಲ್ಲ ತಾನಾಗಿ ಉಳಿಯುತ್ತದೆ, ಒಂದೊಂದಕ್ಕೂ ಹೆಸರು ಹುಡುಕುತ್ತಾ ಕೂರುವುದೇಕೆ’ ಎಂದು ಪರಿಸರದ ಬಗ್ಗೆ ಕಾಳಜಿಯಿರುವವರೇ ಕೇಳುತ್ತಾರೆ. ಹೊಳೆ ಉಳಿಯದೆ ಮೀನಿಲ್ಲ, ನಿಜ. ಆದರೆ ಗಾಲಿಬೋರೆಯ ಆಸುಪಾಸು ಕಾವೇರಿ ವನ್ಯಧಾಮಕ್ಕೆ ಸೇರಿದ ಜಾಗ. ಅಲ್ಲಿ ಕಾವಲಿತ್ತು, ಹಿಡಿದ ಮೀನನ್ನು ವಾಪಸು ಬಿಡುವ ಶಿಸ್ತಿತ್ತು. ಇಷ್ಟಿದ್ದೂ ಆ ನದಿಗೇ ಸೀಮಿತವಾದ ಮೀನು ಕಣ್ಣೆದುರೇ ಕರಗಿತು. ಎರಡನ್ನೂ ‘ಮಹಶೀರ್’ ಎಂಬ ಒಂದೇ ಕಲಮಿನಲ್ಲಿ ಕೂಡಿಸಿದರೆ ಒಟ್ಟು ಮೊತ್ತ ಹೆಚ್ಚುತ್ತಿರುವಂತೆ, ನದಿ ಸುಧಾರಿಸುತ್ತಿರುವಂತೆ ಕಾಣುತ್ತಿತ್ತು. ಬೇರೆ ಎಂದು ಗುರುತಿಸದಿದ್ದರೆ ಕಳೆದುಹೋದದ್ದೂ ತಿಳಿಯುವುದಿಲ್ಲ. ಕಾನೂನಿನ ಅನುಸೂಚಿ, ಕೆಂಪು ಪಟ್ಟಿ, ಯೋಜನೆಯ ಪರಿಸರ ಪರಿಣಾಮ ವರದಿಯ ಅನುಬಂಧ, ಎಲ್ಲವೂ ಹೆಸರಿನ ಮೇಲೆ ನಡೆಯುವಂಥವು. 2011ರಲ್ಲಿ ಪ್ರಕೃತಿ ಸಂರಕ್ಷಣಾ ಒಕ್ಕೂಟ ಪಶ್ಚಿಮಘಟ್ಟದ ಸಿಹಿನೀರಿನ 290 ಮೀನುಗಳನ್ನು ಪರಿಶೀಲಿಸಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವು ಅಪಾಯದಲ್ಲಿವೆ ಎಂದಿತು. ಆ ಲೆಕ್ಕದೊಳಗೆ ಬಂದವು ಅಂದಿಗೆ ಹೆಸರಿದ್ದವು ಮಾತ್ರ.

ಇಷ್ಟು ಕಿರಿದಾದ ಬೆಟ್ಟಸಾಲಿನಲ್ಲಿ ಇಷ್ಟೊಂದು ಬಗೆಯ ಮೀನು ಹೇಗೆ ಬಂದವು? ಕುದುರೆಮುಖದ ಗಂಗಾಮೂಲವನ್ನು ನೆನೆದರೆ ಉತ್ತರ ಸುಲಭ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ನೆಲವೆಂದು ಪ್ರಸಿದ್ಧವಾದ ಜಾಗ ಅದು. ಅಲ್ಲಿ ಸುರಿದ ಮಳೆಯ ಒಂದು ಪಾಲು ನೇತ್ರಾವತಿಯಾಗಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ; ಉಳಿದ ಪಾಲು ತುಂಗಭದ್ರೆಯಾಗಿ, ಕೃಷ್ಣೆಯಾಗಿ ಇಡೀ ಪರ್ಯಾಯದ್ವೀಪವನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಕ್ಕಿ ನಿಮಿಷದಲ್ಲಿ ದಾಟುವ ಬೆಟ್ಟದ ಏಣನ್ನು ಮೀನು ದಾಟಲಾರದು. ಕೆಳಕ್ಕೆ ಹೋಗಿ ಸುತ್ತಿ ಬರೋಣವೆಂದರೆ ನಡುವೆ ಉಪ್ಪುನೀರು. ಒಂದೇ ಹಳ್ಳದಲ್ಲೂ ಜಲಪಾತದ ಮೇಲಿನ ಮೀನು ಬೇರೆ ಲೋಕದ್ದು, ಕೆಳಗಿನದು ಬೇರೆ ಲೋಕದ್ದು. ಹೀಗೆ ಲಕ್ಷಾಂತರ ವರ್ಷ ಬೇರೆಬೇರೆಯಾಗಿ ಬಾಳಿದ ಬಳಗಗಳು ಬಣ್ಣದಲ್ಲಿ, ಮೂಳೆಯಲ್ಲಿ, ಗುಣದಲ್ಲಿ ಬೇರೆಯಾಗುತ್ತವೆ. ಸಂಚಾರಕ್ಕೆ ತಡೆಯಿದ್ದಷ್ಟೂ ವೈವಿಧ್ಯ ಹೆಚ್ಚು. ಆದ್ದರಿಂದ ಘಟ್ಟದ ಮೀನುಗಳ ಮಟ್ಟಿಗೆ ‘ಆ ನದಿಯಲ್ಲಿ ನೋಡಿಯಾಗಿದೆ, ಈ ನದಿಯಲ್ಲೂ ಅದೇ ಇರುತ್ತದೆ’ ಎನ್ನುವ ಊಹೆ ಅಪಾಯಕಾರಿ.

2015ರಲ್ಲಿ ತುಂಗೆಯ ಕಣಿವೆಯ ಸಣ್ಣ ತೊರೆಯೊಂದರಿಂದ ಬೆಳಕಿಗೆ ಬಂದ ‘ಡೇರಿಯೊ ಹುಲಿ’ಯನ್ನೇ ನೋಡಿ. ಎರಡು ಮೂರು ಸೆಂಟಿಮೀಟರು ಉದ್ದದ ಮೀನು, ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಪಟ್ಟೆಯನ್ನು ನೋಡಿಯೇ ಅದಕ್ಕೆ ಕನ್ನಡದ ‘ಹುಲಿ’ ಎಂಬ ಪದವನ್ನು ವೈಜ್ಞಾನಿಕ ಹೆಸರಾಗಿ ಇಟ್ಟರು. ಜಗತ್ತಿನ ಎಲ್ಲ ಭಾಷೆಯ ವಿಜ್ಞಾನಿಗಳೂ ಇನ್ನು ಮುಂದೆ ಅದನ್ನು ಹುಲಿ ಎಂದೇ ಕರೆಯಬೇಕು. ಅದರ ಕುಲದ ಬಹುಪಾಲು ಬಂಧುಗಳಿರುವುದು ಈಶಾನ್ಯ ಭಾರತ ಮತ್ತು ಮ್ಯಾನ್ಮಾರ್ ಸೀಮೆಯಲ್ಲಿ. ಈಶಾನ್ಯದ ಮೀನಿನ ನೆಂಟರು ಮಲೆನಾಡಿನಲ್ಲಿ ಏಕಿದ್ದಾರೆ ಎಂಬ ಪ್ರಶ್ನೆಗೆ ಮೀನುತಜ್ಞ ಸುಂದರಲಾಲ್ ಹೋರಾ ಕಳೆದ ಶತಮಾನದ ನಡುವಿನಲ್ಲೇ ಸಾತ್ಪುರ ಬೆಟ್ಟಗಳ ದಾರಿ ತೋರಿಸಿ ಉತ್ತರ ಹೇಳಲು ನೋಡಿದ್ದರು. ಆ ವಾದ ಇಂದಿಗೂ ಮುಗಿದಿಲ್ಲ. ಮುಗಿಸಲು ಬೇಕಾದ ಪುರಾವೆ ಬೆರಳುಗುರಿನಷ್ಟು ಅಗಲದ ಇಂಥ ಮೀನುಗಳ ಮೈಯಲ್ಲೇ ಇದೆ. ಶರಾವತಿಯ ಉದಾಹರಣೆ ಇನ್ನಷ್ಟು ಯೋಚನೆಗೆ ಹಚ್ಚುವಂಥದ್ದು. ‘ಬಟಾಸಿಯೊ ಶರಾವತಿಯೆನ್ಸಿಸ್’ ಎಂಬ ಮೀಸೆಮೀನಿಗೆ ಹೆಸರಾದದ್ದು 2004ರಲ್ಲಿ. ಕಲ್ಲುಗಳ ಸಂದಿಯಲ್ಲಿ ಬದುಕುವ ‘ಶಿಸ್ಟುರಾ ನಾಗೋಡಿಯೆನ್ಸಿಸ್’ ಮತ್ತು ‘ಶಿಸ್ಟುರಾ ಶರಾವತಿಯೆನ್ಸಿಸ್’ಗಳಿಗೆ 2006ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹರಿಯುವ ನೀರು ಬೇಕೇಬೇಕಾದ ಮೀನುಗಳಿಗೆ ಹೆಸರು ಸಿಗುವ ನಾಲ್ಕು ದಶಕ ಮೊದಲೇ ಅವುಗಳ ನದಿ ಸರೋವರವಾಗಿತ್ತು.

ಹೆಸರಿಡುವುದು ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಅದರ ಮೇಲೆ ಭರವಸೆ ಹುಟ್ಟುತ್ತದೆ. ಮೊದಲು ಜೀವಂತ ಮೀನಿನ ಬಣ್ಣವನ್ನು ಚಿತ್ರದಲ್ಲಿ ಹಿಡಿಯಬೇಕು, ಸತ್ತ ಮೇಲೆ ಅದು ಉಳಿಯದು. ಮೀನನ್ನು ಕೊಳೆಯದಂತೆ ಇಡುವ ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ಮೀನನ್ನು ಅದಕ್ಕೆ ಹಾಕುವ ಮೊದಲೇ ರೆಕ್ಕೆಯ ಒಂದು ಚೂರನ್ನು ಕತ್ತರಿಸಿ ಆಲ್ಕೋಹಾಲಿನಲ್ಲಿ ಇಡಬೇಕು. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಎಣಿಕೆ. ಕಿವಿರಿನಿಂದ ಬಾಲದವರೆಗೆ ಮೈಯ ಪಕ್ಕದಲ್ಲಿ ಸಣ್ಣ ರಂಧ್ರಗಳ ಸಾಲೊಂದು ಇರುತ್ತದೆ. ನೀರಿನ ಅಲುಗಾಟವನ್ನು ಮೀನು ಗ್ರಹಿಸುವುದು ಅದರಿಂದ. ಆ ಸಾಲಿನ ಮೇಲೆ ಎಷ್ಟು ಹುರುಪೆ, ಬೆನ್ನಿನ ರೆಕ್ಕೆಯಲ್ಲಿ ಎಷ್ಟು ಕಡ್ಡಿ, ಅದರಲ್ಲಿ ಕವಲೊಡೆದವು ಎಷ್ಟು, ಒಡೆಯದವು ಎಷ್ಟು, ಮೀಸೆ ಎಷ್ಟು ಜೊತೆ, ಬೆನ್ನೆಲುಬಿನ ಮಣಿ ಎಷ್ಟು. ಸೂಜಿಯ ತುದಿಯಿಂದ ಒಂದೊಂದೇ ಹುರುಪೆ ಮುಟ್ಟುತ್ತಾ ಎಣಿಸುವ ಈ ಕೆಲಸದಲ್ಲಿ ಒಂದು ತಪ್ಪಿದರೆ ಮತ್ತೆ ಮೊದಲಿನಿಂದ. ನಂತರ ಹತ್ತಿರದ ಪ್ರಭೇದಗಳಿಗೆಲ್ಲ ಹೆಸರಿಟ್ಟ ಮೂಲ ಮಾದರಿಗಳನ್ನು ಹೋಲಿಸಬೇಕು. ಅವು ಕೋಲ್ಕತ್ತದಲ್ಲಿರಬಹುದು, ಲಂಡನ್ನಿನಲ್ಲಿರಬಹುದು. ಫ್ರಾನ್ಸಿಸ್ ಡೇ 1870ರ ದಶಕದಲ್ಲಿ ‘ದಿ ಫಿಶಸ್ ಆಫ್ ಇಂಡಿಯಾ’ ಬರೆಯುವಾಗ ನೋಡಿದ ಮೀನುಗಳು ಇಂದಿಗೂ ಸೀಸೆಗಳಲ್ಲಿ ಸಾಕ್ಷಿ ನುಡಿಯುತ್ತಿವೆ. ಹೊಸ ಪ್ರಭೇದದ ಮಾದರಿಯನ್ನೂ ಹಾಗೆಯೇ ಮುಂದಿನವರ ಪರೀಕ್ಷೆಗೆ ಸಿಗುವಂತೆ ನಿಗದಿಯಾದ ಸಂಗ್ರಹಾಲಯದಲ್ಲಿ ಇಡಬೇಕೆಂದು ನಮ್ಮ 2002ರ ಜೀವವೈವಿಧ್ಯ ಕಾಯ್ದೆಯೇ ಹೇಳುತ್ತದೆ. ಬೆರಳೆಣಿಕೆಯ ಮೀನುಗಳನ್ನು ಇದಕ್ಕಾಗಿ ಕೊಲ್ಲುವುದು ನೋವಿನ ಮಾತೇ. ಆದರೂ ತಪ್ಪನ್ನು ಯಾರು ಬೇಕಾದರೂ ತೋರಿಸಿಕೊಡಲು ಅವಕಾಶ ಉಳಿಯುವುದು ಆ ಸೀಸೆಯಿಂದಲೇ, ಮತ್ತು ಒಂದೇ ಸಿಡಿಮದ್ದಿಗೆ ಸಾಯುವ ಮೀನುಗಳ ಮುಂದೆ ಇವುಗಳ ಸಂಖ್ಯೆ ಏನೇನೂ ಅಲ್ಲ.

ವಿಜ್ಞಾನಿಗಳು ಹೆಸರಿನ ಆಸೆಗೆ ಒಂದನ್ನು ನಾಲ್ಕಾಗಿ ಒಡೆಯುತ್ತಿದ್ದಾರೆ ಎಂಬ ದೂರು ಇದೆ, ಅದು ಪೂರ್ತಿ ಸುಳ್ಳಲ್ಲ. ಡಿಎನ್‌ಎಯ ಒಂದು ತುಣುಕಿನಲ್ಲಿ ಕೆಲವು ಅಕ್ಷರ ಬೇರೆಯಾದ ಮಾತ್ರಕ್ಕೆ ಹೊಸ ಪ್ರಭೇದ ಎನ್ನಲಾಗದು. ಒಂದೇ ಮೀನು ತಣ್ಣನೆಯ ತೊರೆಯಲ್ಲಿ ಒಂದು ಬಣ್ಣ, ಕೆಸರು ನೀರಿನಲ್ಲಿ ಇನ್ನೊಂದು ಬಣ್ಣ ತೋರಿಸಬಹುದು. ಆದ್ದರಿಂದಲೇ ಮೈಕಟ್ಟು, ಡಿಎನ್‌ಎ, ವಾಸದ ಎಲ್ಲೆ ಮೂರೂ ಒಂದೇ ಮಾತು ಹೇಳಬೇಕೆಂದು ಒಳ್ಳೆಯ ಕೆಲಸಗಾರರು ಪಟ್ಟುಹಿಡಿಯುತ್ತಾರೆ. ಪ್ರಭೇದದ ಹೆಸರು ಒಂದು ವಾದವಷ್ಟೇ. ಎದುರು ಪುರಾವೆ ಬಂದರೆ ಬಿದ್ದುಹೋಗುತ್ತದೆ, ಹಾಗೆ ಬಿದ್ದುಹೋದ ಹೆಸರುಗಳೂ ಬೇಕಾದಷ್ಟಿವೆ. ಆದರೆ ಎರಡು ಬಗೆಯ ತಪ್ಪುಗಳಿಗೂ ಒಂದೇ ಬೆಲೆಯಲ್ಲ. ಒಂದೇ ಮೀನನ್ನು ಎರಡೆಂದು ಬರೆದರೆ ಹತ್ತು ವರ್ಷದ ಮೇಲೆ ಇನ್ನೊಬ್ಬರು ಒಂದು ಲೇಖನ ಬರೆದು ತಿದ್ದಬಹುದು. ಎರಡನ್ನು ಒಂದೆಂದು ಬರೆದು, ಅದನ್ನೇ ನಂಬಿ ಇನ್ನೊಂದರ ಮರಿಯನ್ನು ನದಿಗೆ ಸುರಿದರೆ ತಿದ್ದುಪಡಿಗೆ ಜಾಗವಿಲ್ಲ. ನನ್ನ ಮಟ್ಟಿಗೆ ಈ ವಿವಾದದಲ್ಲಿ ಇದೇ ನಿರ್ಣಾಯಕ ಮಾತು.

ಹೆಸರಿಟ್ಟರೆ ಅಲಂಕಾರ ಮೀನಿನ ವ್ಯಾಪಾರಿಗೆ ದಾರಿ ತೋರಿಸಿದಂತಲ್ಲವೇ ಎಂಬ ಭಯವೂ ಇದೆ. ‘ಮಿಸ್ ಕೇರಳ’ ಎಂದು ಹೆಸರಾದ ಕೆಂಪು ಗೆರೆಯ ಮೀನನ್ನು ಫ್ರಾನ್ಸಿಸ್ ಡೇ ವಿವರಿಸಿದ್ದು 1865ರಲ್ಲಿ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಹೆಸರು ಪುಸ್ತಕದಲ್ಲಿತ್ತು, ಅದು ತನ್ನ ಪಾಡಿಗೆ ಹೊಳೆಯಲ್ಲಿತ್ತು. ಅದನ್ನು ಸಾವಿರಗಟ್ಟಲೆ ಹಿಡಿದು ವಿದೇಶಕ್ಕೆ ಕಳಿಸತೊಡಗಿದ್ದು 1990ರ ದಶಕದಲ್ಲಿ ಅದರ ಅಂದ ಮಾರುಕಟ್ಟೆಯ ಕಣ್ಣಿಗೆ ಬಿದ್ದ ಮೇಲೆ. ವ್ಯಾಪಾರಕ್ಕೆ ಬೇಕಾದದ್ದು ಬಣ್ಣ, ಲ್ಯಾಟಿನ್ ಅಲ್ಲ. ಹೆಸರಿದ್ದುದರಿಂದಲೇ ಅದರ ಇಳಿಕೆಯನ್ನು ಅಳೆಯಲು, ಅಪಾಯದ ಪಟ್ಟಿಗೆ ಸೇರಿಸಲು ಆಧಾರ ಸಿಕ್ಕಿತು. ಅಂದದ ಮೀನಿನ ವಿಚಾರದಲ್ಲಿ ಸಿಕ್ಕ ತೊರೆಯ ನಿಖರ ಗುರುತನ್ನು ಸಾರ್ವಜನಿಕವಾಗಿ ಹಂಚದಿರುವುದು ಒಳ್ಳೆಯದು ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಉಳಿದದ್ದು ಎಲ್ಲಕ್ಕಿಂತ ನ್ಯಾಯವಾದ ಆಕ್ಷೇಪಣೆ: ಊರವರಿಗೆ ಗೊತ್ತಿದ್ದ ಮೀನನ್ನು ಪಟ್ಟಣದವರು ‘ಪತ್ತೆ’ ಮಾಡಿದೆವು ಎನ್ನುವುದು ಸರಿಯೇ? ಮುಂಗಾರಿನ ಮೊದಲ ನೆರೆಗೆ ಹತ್ತುಮೀನು ಯಾವ ರಾತ್ರಿ ಗದ್ದೆಗೆ ಏರುತ್ತದೆ, ಕೂಳಿಯನ್ನು ಯಾವ ಮಡುವಿನ ಬಾಯಿಗೆ ಒಡ್ಡಬೇಕು ಎಂದು ಬಲ್ಲ ಮಲೆನಾಡಿನವರ ಅರಿವು ಯಾವ ಪ್ರಬಂಧಕ್ಕೂ ಕಡಿಮೆಯಲ್ಲ. ಆ ಅರಿವು ಒಂದು ಹೊಳೆಯ ಉದ್ದಕ್ಕೂ ಆಳವಾಗಿ ಹೋಗುತ್ತದೆ. ಹತ್ತು ಹೊಳೆಗಳನ್ನು ಅಡ್ಡಲಾಗಿ ಹೋಲಿಸುವುದು ವಿಜ್ಞಾನದ ಕೆಲಸ. ಒಂದಕ್ಕೆ ಇನ್ನೊಂದು ಬೇಕು. ಕೇರಳದ ಬಾವಿಗಳಲ್ಲಿ ಎರಡೂ ಕೂಡಿದ್ದರ ಫಲ ಕಾಣುತ್ತದೆ. ಅಲ್ಲಿನ ನೆಲ ಮುರಕಲ್ಲಿನದು, ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವ ಅದೇ ಕೆಂಪು ಕಲ್ಲು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಲಪ್ಪುರಂ ಸೀಮೆಯ ಅಂಗಾಡಿಪುರದ ಕಲ್ಲನ್ನು ನೋಡಿ ಹಾಗೆ ಬರೆದ. ಅವನೇ 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ದೊಡ್ಡ ಗ್ರಂಥ ತಂದವನು. ಆ ಕಲ್ಲಿನ ತೂತುಗಳ ಒಳಗೆ ತುಂಬಿದ ನೀರಿನಲ್ಲೂ ಮೀನಿದೆ ಎಂಬುದು ಅಂಥವನಿಗೂ ತಿಳಿಯಲಿಲ್ಲ. 2018ರಲ್ಲಿ ಅದೇ ಮಲಪ್ಪುರಂ ಜಿಲ್ಲೆಯ ವೇಂಗರದ ಗದ್ದೆಯೊಂದರಲ್ಲಿ ಮಳೆಯ ನಂತರ ನೆಲದಡಿಯಿಂದ ಮೇಲೆ ಬಂದು ಸಿಕ್ಕ ಉದ್ದನೆಯ ಮೀನಿನ ಚಿತ್ರವನ್ನು ಸ್ಥಳೀಯರು ಸಾಮಾಜಿಕ ಜಾಲತಾಣದಲ್ಲಿ ಹಂಚಿದರು. ಅದನ್ನು ಬೆನ್ನುಹತ್ತಿದ ವಿಜ್ಞಾನಿಗಳು 2019ರಲ್ಲಿ ‘ಎನಿಗ್ಮಚನ್ನ ಗೊಲ್ಲಂ’ ಎಂದು ಹೆಸರಿಟ್ಟರು. ಕೊರವ ಮೀನಿನ ಬಳಗದಿಂದ ಕೋಟ್ಯಂತರ ವರ್ಷಗಳ ಹಿಂದೆಯೇ ಬೇರೆಯಾದ ಅದಕ್ಕೆ 2020ರಲ್ಲಿ ಹೊಸ ಕುಟುಂಬವನ್ನೇ ಸ್ಥಾಪಿಸಬೇಕಾಯಿತು.

ಈ ಪಾತಾಳದ ಮೀನುಗಳಲ್ಲಿ ಮನಸ್ಸಿಗೆ ತಾಗುವುದು ‘ಹೋರಾಗ್ಲಾನಿಸ್’. ಮೂರು ಸೆಂಟಿಮೀಟರು ಚಿಲ್ಲರೆ ಉದ್ದ, ದಾರದಂಥ ಮೈ, ನಾಲ್ಕು ಜೊತೆ ಮೀಸೆ. ಕಣ್ಣಿರಬೇಕಾದ ಜಾಗದಲ್ಲಿ ನುಣುಪಾದ ಚರ್ಮ. ಮೈಗೆ ಬಣ್ಣವಿಲ್ಲದ್ದರಿಂದ ಒಳಗಿನ ರಕ್ತವೇ ಹೊರಗೆ ಕಂಡು ಇಡೀ ಮೀನು ಕೆಂಪಗಿರುತ್ತದೆ. ಕೊಟ್ಟಾಯಂನ ಬಾವಿಯೊಂದರಲ್ಲಿ ಸಿಕ್ಕ ಮೊದಲನೆಯದಕ್ಕೆ 1950ರಲ್ಲಿ ಹೆಸರಿಟ್ಟರು. ಕುಲದ ಹೆಸರು ಸುಂದರಲಾಲ್ ಹೋರಾ ಅವರದು. ಈಚಿನ ವರ್ಷಗಳಲ್ಲಿ ಕೇರಳದ ಜನ ತಮ್ಮ ಬಾವಿ, ಬಿಂದಿಗೆ, ನೀರಿನ ತೊಟ್ಟಿಗಳಲ್ಲಿ ಕಂಡ ಕೆಂಪು ಮೀನುಗಳನ್ನು ವಿಜ್ಞಾನಿಗಳಿಗೆ ತಲುಪಿಸುತ್ತಾ ಬಂದದ್ದರಿಂದ ಇನ್ನೊಂದು ಪ್ರಭೇದ ಬೇರೆಯಾಗಿ ತಿಳಿಯಿತು. 2023ರಲ್ಲಿ ಅದಕ್ಕಿಟ್ಟ ಹೆಸರು ‘ಹೋರಾಗ್ಲಾನಿಸ್ ಪಾಪ್ಯುಲಿ’, ಅಂದರೆ ಜನರ ಹೋರಾಗ್ಲಾನಿಸ್. ‘ಪತ್ತೆ ಮಾಡಿದವರು ಯಾರು’ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ನಾನು ಕಂಡಿಲ್ಲ.

ಮುರಕಲ್ಲಿನ ನೆಲ ಕೇರಳದ ಗಡಿಯಲ್ಲಿ ನಿಲ್ಲುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲೂ ಬಾವಿಗಳಿವೆ, ನೀರಿನ ಸುರಂಗಗಳಿವೆ. ಕಲ್ಲಿನ ಕೋರೆಗಳೂ, ನೆಲದಡಿಯ ನೀರನ್ನು ಎತ್ತುವ ಪಂಪುಗಳೂ ಇವೆ. ಈ ಭಾಗದ ಓದುಗರಲ್ಲಿ ಒಂದು ಬೇಡಿಕೆ. ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಸುವಾಗ, ಬ್ಲೀಚಿಂಗ್ ಪುಡಿ ಹಾಕುವ ಮೊದಲು, ಮೇಲೆ ಬಂದ ನೀರನ್ನು ಬಿಳಿ ಬೇಸಿನ್ನಿಗೆ ಸುರಿದು ಒಮ್ಮೆ ನೋಡಿ. ಹುಳುವಿನಂಥ ಕೆಂಪು ಜೀವಿ ಕಂಡರೆ ಚೆಲ್ಲಬೇಡಿ; ಅದೇ ಬಾವಿಯ ನೀರಿನಲ್ಲಿ ನೆರಳಲ್ಲಿಡಿ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆಯಿರಿ, ಊರು ಮತ್ತು ದಿನಾಂಕ ಬರೆದು ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೋ ತಿಳಿಸಿ.